ಶುಕ್ರವಾರ ಬಿಚ್ಚಿದ ದೋಣಿ

ಬುಸ್ತಾಮಿ ಪುಕ್ಕಲ. ಈ ಮಾತನ್ನು ಕುವಾಲಾ ಪಾಸಿಯಲ್ಲಿ ಯಾರೂ ಅವನ ಮುಖದೆದುರು ಆಡುತ್ತಿರಲಿಲ್ಲ, ಯಾಕೆಂದರೆ ಅವನು ಊರಿನ ಪಂಗ್ಲಿಮಾ, ಕಡಲ ಗುರಿಕಾರ. ಬಲೆಗೆ ಬಲೆ ಸಿಕ್ಕಿಕೊಂಡು ಜಗಳವಾದರೂ, ಯಾವನಾದರೂ ಮುಳುಗಿದರೂ, ಕಡಲಿನ ವಿಷಯದಲ್ಲಿ ಕೊನೆಯ ಮಾತು ಅವನದು. ಮೊದಲು ಈ ಗುರಿಕಾರಿಕೆ ಅವನ ಅಪ್ಪ ಜಕಾರಿಯಾನದಾಗಿತ್ತು. ಜಕಾರಿಯಾ ಗುಂಡಿಗೆಯಿದ್ದ ಮನುಷ್ಯ. ಆ ಗುಂಡಿಗೆಯ ದೆಸೆಯಿಂದಲೇ ಸರಕಾರದ ವಿರುದ್ಧ ಬಂಡಾಯದ ಯುದ್ಧ ನಡೆದ ಕಾಲದಲ್ಲಿ ಒಂದು ಮಧ್ಯಾಹ್ನ ಸೈನಿಕರು ಲಾರಿ ಹತ್ತಿಸಿ ಒಯ್ದವನು ತಿರುಗಿ ಬರಲಿಲ್ಲ. ಆಗ ಬುಸ್ತಾಮಿ ಮಂಚದ ಕೆಳಗೆ ಬಾಯಿಗೆ ಬಟ್ಟೆ ತುರುಕಿಕೊಂಡು ಮಲಗಿದ್ದ. ಮುಂದೆ ಊರವರು ಗುರಿಕಾರಿಕೆಯನ್ನು ಮಗನಿಗೆ ಕೊಟ್ಟರು. ಗುಂಡಿಗೆಯನ್ನು ಯಾರು ಕೊಡುತ್ತಾರೆ?

ಇಷ್ಟು ವರ್ಷ ಹೇಗೋ ನಡೆದಿತ್ತು. ಬಲೆಯ ಜಗಳ ತೀರಿಸಲು ಗುಂಡಿಗೆ ಬೇಕಾಗಿಲ್ಲ, ತಾಳ್ಮೆ ಇದ್ದರೆ ಸಾಕು. ಆದರೆ ಆ ಗುರುವಾರ ಸಂಜೆ ಎಲ್ಲರಿಗಿಂತ ಕೊನೆಗೆ ದಡಕ್ಕೆ ಬಂದ ಹಸ್ಬಲ್ಲಾ ಚಿಕ್ಕಪ್ಪ ದೋಣಿಯಿಂದ ಇಳಿಯುವ ಮೊದಲೇ ಕೂಗಿದ್ದ.

"ಮಗಾ, ಹೊರಗಡೆ ಒಂದು ದೋಣಿ ತೇಲ್ತಾ ಇದೆ! ಎಂಜಿನ್ ಸತ್ತಿದೆ. ಮೇಲೆಲ್ಲಾ ಜನ. ಆ ಬರ್ಮಾ ಕಡೆಯೋರೇ ಇರಬೇಕು. ಎಳ್ಕೊಂಡು ಬರೋಣ ಅಂದ್ರೆ ನನ್ನ ಚಿಳ್ಳೆ ದೋಣಿ ಕೈಲಿ ಆಗುತ್ತಾ? ಇದ್ದ ನೀರು ಕೊಟ್ಟು, ಬೆಳಿಗ್ಗೆ ಬರ್ತೀವಿ ಅಂತ ಕೈಸನ್ನೆ ಮಾಡಿ ಬಂದೆ. ಅವಕ್ಕೆ ಅರ್ಥ ಆಯ್ತೋ ಇಲ್ವೋ."

ದಡದ ಮೇಲಿದ್ದವರೆಲ್ಲ ಬುಸ್ತಾಮಿಯ ಕಡೆ ತಿರುಗಿದರು. ಶುಕ್ರವಾರ ಯಾರೂ ಕಡಲಿಗೆ ಇಳಿಯುವ ಹಾಗಿಲ್ಲ. ಗುರುವಾರ ಸೂರ್ಯ ಮುಳುಗಿದರೆ ಶುಕ್ರವಾರ ಸೂರ್ಯ ಮುಳುಗುವ ತನಕ ಎಲ್ಲ ದೋಣಿಗಳೂ ಕಟ್ಟಿಯೇ ಇರಬೇಕು. ಆದರೆ ನೀರಿನ ಮೇಲೆ ಜೀವ ಇದೆ ಎಂದಾಗ ಗುರಿಕಾರ "ಕಡಲು ತೆರೆಯಿತು" ಎಂದು ಒಂದು ಮಾತು ಹೇಳಿದರೆ ಸಾಕು, ಶುಕ್ರವಾರವೂ ಇಲ್ಲ, ಹಬ್ಬವೂ ಇಲ್ಲ. ಅದೂ ಅಷ್ಟೇ ಹಳೆಯ ಕಟ್ಟಳೆ. ಎಲ್ಲರೂ ಆ ಒಂದು ಮಾತಿಗಾಗಿ ಕಾಯುತ್ತಿದ್ದರು.

"ಕತ್ತಲಾಗ್ತಿದೆ, ಗಾಳಿ ಬೇರೆ. ಬೆಳಿಗ್ಗೆ ನೋಡೋಣ," ಎಂದು ಬುಸ್ತಾಮಿ ಮನೆಗೆ ಹೋಗಿಬಿಟ್ಟ. ಅವನ ಕಿವಿಯಲ್ಲಿ ಬೇರೆಯೇ ಒಂದು ಮಾತು ಕೊರೆಯುತ್ತಿತ್ತು. ಕಳೆದ ತಿಂಗಳಷ್ಟೇ ಸರಕಾರದ ಜೀಪು ಮೈಕು ಕಟ್ಟಿಕೊಂಡು ಊರೆಲ್ಲ ಸುತ್ತಿತ್ತು. ಹೊರಗಿನವರನ್ನು ದಡಕ್ಕೆ ಎಳೆದು ತಂದವನು ಮನುಷ್ಯರ ಕಳ್ಳಸಾಗಣೆದಾರ, ಅವನಿಗೆ ಜೈಲು, ಅವನ ದೋಣಿ ಜಪ್ತಿ ಎಂದು ಒದರಿತ್ತು. ಊರಿನಲ್ಲಿ ಎಳೆದು ತರುವಷ್ಟು ತಾಕತ್ತಿನ ಎಂಜಿನ್ ಇದ್ದದ್ದು ಒಂದೇ ದೋಣಿಗೆ. ಆ ದೋಣಿಯ ಚುಕ್ಕಾಣಿ ಹಿಡಿಯುವವನು ಬುಸ್ತಾಮಿಯ ಮಗ ತರ್ಮಿಜಿ, ಅವನಿಗಿದ್ದ ಒಬ್ಬನೇ ಮಗ.

ಬೆಳಿಗ್ಗೆ ನೋಡಲಿಕ್ಕೂ ಅವಕಾಶ ಸಿಗಲಿಲ್ಲ. ಕಾಫಿ ಅಂಗಡಿಯ ಮುಂದೆ ಅದೇ ಜೀಪು ನಿಂತಿತ್ತು.

ಜೀಪಿನಲ್ಲಿ ಬಂದವನು ಹೆಂದಾರ್ತೊ. ದಡ ಕಾವಲು ಕಾರ್ಯಪಡೆಯ ಮುಖ್ಯಸ್ಥ, ದೂರದ ರಾಜಧಾನಿಯವನು. ಇಸ್ತ್ರಿ ಮಾಡಿದ ಅಂಗಿ, ಜೇಬಿನ ಮೇಲೆ ಪುಟ್ಟ ಧ್ವಜ, ತೊಳೆದಿಟ್ಟ ಹಾಗಿದ್ದ ಮುಖ. ಅವನೇನಾದರೂ ಬೈದಿದ್ದರೆ ಬುಸ್ತಾಮಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ಎದ್ದು ನಿಂತು ಎರಡೂ ಕೈಯಲ್ಲಿ ಬುಸ್ತಾಮಿಯ ಕೈ ಹಿಡಿದುಕೊಂಡ.

"ಬನ್ನಿ ಗುರಿಕಾರ್ರೇ, ಕೂತ್ಕೊಳ್ಳಿ. ನಿಮ್ಮೂರ ಕಾಫೀನ ಇವತ್ತು ನಾನು ನಿಮಗೆ ಕುಡಿಸ್ತೀನಿ. ಶುಕ್ರವಾರ ನೀವ್ಯಾರೂ ಕಡಲಿಗೆ ಇಳಿಯಲ್ವಂತೆ, ಹೌದಾ?"

"ಇಳಿಯಲ್ಲ ಸಾಹೇಬ್ರೇ. ಹಿರಿಯರ ಕಾಲದಿಂದ ಹಾಗೇ."

"ಎಷ್ಟು ಚೆಂದ ನೋಡಿ! ಇದನ್ನೇ ನಾನು ರಾಜಧಾನೀಲಿ ಎಲ್ಲರಿಗೂ ಹೇಳೋದು. ಈ ದೇಶದ ಬೇರು ಇರೋದೇ ಇಂಥಾ ಊರುಗಳಲ್ಲಿ ಅಂತ. ಪದ್ಧತಿ ಬಿಡಬೇಡಿ. ಇವತ್ತಂತೂ ಬಿಡಲೇಬೇಡಿ."

ಇವನಿಗೆ ದೋಣಿಯ ಸುದ್ದಿ ಗೊತ್ತಾಗಿದೆ. ಯಾರು ಹೇಳಿದರೋ, ಹೇಗೆ ತಿಳಿಯಿತೋ, ಅಂತೂ ಗೊತ್ತಾಗಿದೆ.

"ನಿಮ್ಮ ಮನೆಗೆ ಎಷ್ಟು ಬಾಗಿಲು ಗುರಿಕಾರ್ರೇ?"

"ಎರಡು, ಸಾಹೇಬ್ರೇ."

"ಅದನ್ನ ತೆಗೆಯೋದು, ಮುಚ್ಚೋದು ಯಾರ ಮಾತಿನ ಮೇಲೆ? ನಿಮ್ಮ ಮಾತಿನ ಮೇಲೆ ತಾನೇ? ಮನೆ ಕೆಲಸದವಳು ಕನಿಕರ ಬಂತೂಂತ ನಿಮ್ಮನ್ನ ಕೇಳದೆ ಹಿಂಬಾಗಿಲು ತೆಗೆದಳು ಅನ್ಕೊಳ್ಳಿ. ಅವಳು ಒಳ್ಳೆಯವಳೇ ಇರಬಹುದು. ಆದ್ರೆ ಆವತ್ತಿಂದ ಆ ಮನೆಗೆ ಯಜಮಾನರು ಇಬ್ಬರು. ಇಬ್ಬರು ಯಜಮಾನರಿರೋ ಮನೆ ಉಳಿಯಲ್ಲ." ಹೆಂದಾರ್ತೊ ಕಾಫಿ ಹೀರಿ, ಲೋಟವನ್ನು ಮೆಲ್ಲಗೆ ಇಟ್ಟ. "ನೀರಲ್ಲಿ ತೇಲ್ತಾ ಇರೋ ಆ ಭಿಕಾರಿಗಳ ಬಗ್ಗೆ ನಂಗೇನೂ ಸಿಟ್ಟಿಲ್ಲ. ಅವರು ಯಾವ ಲೆಕ್ಕ? ನಂಗೆ ಚಿಂತೆ ಇರೋದು ಅವರಿಗೆ ಬಾಗಿಲು ತೆಗೆಯೋ ನಮ್ಮವರದ್ದು. ಸರಕಾರ ಬೇಡ ಅಂದ ಮೇಲೂ ಒಂದು ಊರು ಬನ್ನಿ ಅಂದ್ರೆ, ಅದು ಕನಿಕರ ಅಲ್ಲ. ನಮಗೆ ಬೇರೆ ಸರಕಾರ ಇದೆ ಅಂತ ಸಾರಿದ ಹಾಗೆ. ಹಿಂದೆ ಹಾಗೆ ಸಾರಿದೋರಿಗೆ ಏನಾಯ್ತು ಅಂತ ನಾನು ನಿಮಗೆ ಹೇಳಬೇಕಾ? ನಿಮ್ಮಪ್ಪನ ಹೆಸರು ಜಕಾರಿಯಾ ಅಲ್ವಾ?"

ಬುಸ್ತಾಮಿ ಲೋಟ ಎತ್ತಲು ಹೋದವನು ಅಲ್ಲೇ ಬಿಟ್ಟ.

"ಹೌದು ಸಾಹೇಬ್ರೇ," ಎಂದ. ಅದು ಯಾವ ಪ್ರಶ್ನೆಗೆ ಉತ್ತರವೆಂದು ಅವನಿಗೇ ತಿಳಿಯಲಿಲ್ಲ.

"ನಾನು ಕೇಳ್ತಾ ಇರೋದು ದೊಡ್ಡದೇನೂ ಅಲ್ಲ. ನಿಮ್ಮ ಶುಕ್ರವಾರವನ್ನ ನೀವು ಪಾಲಿಸಿ, ಅಷ್ಟೇ."

ಅಬ್ಬಾ, ಎಂಥ ಜಾಣ! ಊರವರದೇ ಹಗ್ಗ ತಂದು ಊರವರದೇ ಕೈಗೆ ಸುತ್ತಿದ. ಬುಸ್ತಾಮಿಗೆ ಅದು ಗೊತ್ತಾಗದೆ ಇರಲಿಲ್ಲ. ಗೊತ್ತಾಗಿಯೂ ಎದೆಯೊಳಗೆ ಎಲ್ಲೋ ಹಾಯೆನಿಸಿತು, ನಾಚಿಕೆಗೇಡಿನ ನೆಮ್ಮದಿ. ತಾನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಸಂಜೆಯಾಗುವ ಹೊತ್ತಿಗೆ ಸೆಳೆತ ಆ ದೋಣಿಯನ್ನು ಎಲ್ಲಿಗೋ ಒಯ್ದಿರುತ್ತದೆ.

ಜೀಪು ಹೋದ ಮೇಲೆ ಅವನು ದಡಕ್ಕೆ ಬಂದಾಗ ಗುಡಿಸಿಲಿನ ನೆರಳಿನಲ್ಲಿ ಗಂಡಸರೆಲ್ಲ ಬಲೆ ಹೊಲಿಯುತ್ತಾ ಕುಳಿತಿದ್ದರು. ಯಾರ ಕಣ್ಣೂ ಬಲೆಯ ಮೇಲಿರಲಿಲ್ಲ. ತರ್ಮಿಜಿ ದೋಣಿಯ ಹಗ್ಗದ ಪಕ್ಕದಲ್ಲೇ ನಿಂತಿದ್ದ.

"ಹೇಳು ಮಗಾ," ಎಂದ ಹಸ್ಬಲ್ಲಾ ಚಿಕ್ಕಪ್ಪ. "ಬಾಯಿ ಬಿಟ್ಟು ಒಂದು ಮಾತು ಹೇಳು. ಡೀಸೆಲ್ ತುಂಬಿ ಇಟ್ಟಾಗಿದೆ."

"ಇವತ್ತು ಶುಕ್ರವಾರ," ಎಂದ ಬುಸ್ತಾಮಿ.

"ಗೊತ್ತು ಮಾರಾಯ, ನಂಗೂ ವಾರದ ಲೆಕ್ಕ ಬರುತ್ತೆ. ನೀರಲ್ಲಿ ಜೀವ ಇದ್ದಾಗ ಶುಕ್ರವಾರ ಇಲ್ಲ, ಅದು ನಿಂಗೂ ಗೊತ್ತು."

"ಇವತ್ತು ಶುಕ್ರವಾರ ಅಂದೆನಲ್ಲ! ಎಷ್ಟು ಸಲ ಹೇಳ್ಬೇಕು? ಯಾರೂ ಇಳಿಯೋ ಹಾಗಿಲ್ಲ!"

ಹಸ್ಬಲ್ಲಾ ಚಿಕ್ಕಪ್ಪ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದ. "ಆ ಇಸ್ತ್ರಿ ಸಾಹೇಬ ಯಾವತ್ತಿಂದ ನಮಗೆ ಶುಕ್ರವಾರದ ಪಾಠ ಹೇಳೋ ಗುರು ಆದ?" ಎಂದು ಬಾಯಲ್ಲಿದ್ದ ಎಲೆಯಡಿಕೆಯನ್ನು ಮರಳಿಗೆ ಉಗಿದ. ತರ್ಮಿಜಿ ಅಪ್ಪನ ಮುಖವನ್ನೊಮ್ಮೆ ನೋಡಿ ಬೇರೆ ಕಡೆ ತಿರುಗಿದ. ಆ ನೋಟ ಬುಸ್ತಾಮಿಗೆ ಕಪಾಳಕ್ಕೆ ಹೊಡೆದಂತಾಯಿತು.

ಮನೆಯಲ್ಲಿ ಹೆಂಡತಿ ಸಲ್ಬಿಯಾ ನಮಾಜಿನ ಅಂಗಿ ತೆಗೆದಿಡುತ್ತಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

"ಆ ರಾಕ್ಷಸ ಅಲೆ ಬಂದು ಊರನ್ನೇ ನುಂಗಿದ ವರ್ಷ ನನ್ನನ್ನ ಆ ತೆಂಗಿನ ಮರದಿಂದ ಇಳಿಸಿದೋನು ಯಾವ ದೇಶದವನು, ಹೇಳಿ ನೋಡೋಣ?" ಎಂದಳು. "ಅವನ ಭಾಷೆ ನಂಗೆ ತಿಳೀಲಿಲ್ಲ, ನನ್ನ ಭಾಷೆ ಅವನಿಗೆ ತಿಳೀಲಿಲ್ಲ. ನಿನ್ನ ಕಾಗದ ಎಲ್ಲಿ ಅಂತ ಅವನೇನು ಕೇಳಿದ್ನಾ? ನಾನು ಅವನನ್ನ ಕೇಳಿದ್ನಾ?"

"ನೀ ಹೇಳೋದೆಲ್ಲ ಸರಿ ಕಣೇ. ಸರಿಯಾಗಿದ್ದೀಯಾ ಅಂತ ಜೈಲಿನ ಬಾಗಿಲು ತೆಗೀತಾರಾ? ನನ್ನಪ್ಪ ಸರಿ ಇರಲಿಲ್ವಾ?" ಎಂದ ಬುಸ್ತಾಮಿ. "ಇರೋನು ಒಬ್ಬನೇ ಮಗ. ಅವನನ್ನ ಎತ್ಕೊಂಡು ಹೋದ್ರೆ ನಾನು ಬದುಕಲ್ಲ. ನಂಗೆ ಹೆದರಿಕೆ ಆಗುತ್ತೆ ಸಲ್ಬಿಯಾ. ಏನು ಮಾಡ್ಲಿ, ಆಗುತ್ತೆ."

ಸಲ್ಬಿಯಾ ಅಂಗಿಯನ್ನು ಅವನ ಕೈಗೆ ಕೊಟ್ಟು ಒಲೆಯ ಕಡೆ ಹೋದಳು.

ಮಸೀದಿಯಲ್ಲಿ ಪ್ರವಚನ ಶುರುವಾಗಿತ್ತು. ಬುಸ್ತಾಮಿ ಮುಂದಿನ ಸಾಲಿನಲ್ಲಿ ಕುಳಿತವನು ಒಮ್ಮೆ ಹಿಂದೆ ಕಣ್ಣು ಹಾಯಿಸಿದ. ಹುಡುಗರು ಕೂರುವ ಸಾಲಿನಲ್ಲಿ ಅಲ್ಲಲ್ಲಿ ಜಾಗ ಖಾಲಿ. ಹಸ್ಬಲ್ಲಾ ಚಿಕ್ಕಪ್ಪನ ಜಾಗ ಖಾಲಿ. ತರ್ಮಿಜಿ ಇರಲಿಲ್ಲ. ಅಷ್ಟರಲ್ಲಿ ದಡದ ಕಡೆಯಿಂದ ದೋಣಿಯ ಎಂಜಿನ್ನಿನ ಸದ್ದು ಬಂತು.

ಶುಕ್ರವಾರ ಮಧ್ಯಾಹ್ನ ಕುವಾಲಾ ಪಾಸಿಯಲ್ಲಿ ಎಂಜಿನ್ನಿನ ಸದ್ದು! ಗುರಿಕಾರ ಕಡಲು ತೆರೆಯದೆ ಇಂಥ ಸದ್ದನ್ನು ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಮಸೀದಿಯೊಳಗೆ ಒಂದೇ ಒಂದು ತಲೆ ತಿರುಗಲಿಲ್ಲ. ಕೆಮ್ಮುತ್ತಿದ್ದ ಮುದುಕನೊಬ್ಬ ಕೆಮ್ಮುವುದನ್ನೂ ನಿಲ್ಲಿಸಿದ. ಆ ಕಾರ್ಯಪಡೆಯ ಕಿವಿ ಯಾವುದೋ ಸಾಲಿನಲ್ಲಿ ಕುಳಿತಿದ್ದರೆ? ಇಮಾಮರು ಒಂದು ಗಳಿಗೆ ತಡೆದು, ಆಮೇಲೆ ಪ್ರವಚನವನ್ನು ಇದ್ದಕ್ಕಿದ್ದಂತೆ ದೊಡ್ಡ ದನಿಯಲ್ಲಿ ಓದತೊಡಗಿದರು. ಎಂಜಿನ್ನಿನ ಸದ್ದು ಸಣ್ಣಗಾಗುತ್ತಾ ಹೋಗಿ ಕಡಲಿನೊಳಗೆ ಕರಗಿತು. ಪ್ರವಚನ ಮುಗಿದು ನಮಾಜು ಶುರುವಾದಾಗ ಬುಸ್ತಾಮಿ ಹಣೆಯನ್ನು ಚಾಪೆಗೆ ಒತ್ತಿದವನು ಏಳುವುದನ್ನೇ ಮರೆತ. ಪಕ್ಕದವನು ಮೊಣಕೈಯಿಂದ ತಿವಿಯಬೇಕಾಯಿತು.

ಅವರು ತಿರುಗಿ ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ. ತರ್ಮಿಜಿಯ ದೋಣಿಯ ಹಿಂದೆ ಹಗ್ಗದಲ್ಲಿ ಆ ಮುರುಕಲು ದೋಣಿ. ಇಡೀ ಊರು ಸೊಂಟದ ನೀರಿಗೆ ಇಳಿಯಿತು. ಹೆಂಗಸರನ್ನೂ ಮಕ್ಕಳನ್ನೂ ಎತ್ತಿಕೊಂಡು ಬಂದು ಮೀನು ಹರಾಜಿನ ಕೊಟ್ಟಿಗೆಯಲ್ಲಿ ಕೂರಿಸಿದರು. ಅವರ ತುಟಿಗಳು ಬಿರಿದಿದ್ದವು, ಕೆಲವರಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಸಲ್ಬಿಯಾ ಗಂಜಿಯ ಹಂಡೆಯ ಮುಂದೆ ನಿಂತು, ಒಮ್ಮೆಗೇ ಕುಡಿಯಬೇಡಿ, ಮೆಲ್ಲಗೆ, ಮೆಲ್ಲಗೆ ಎಂದು ಅವರಿಗೆ ತಿಳಿಯದ ಭಾಷೆಯಲ್ಲಿ ಗದರುತ್ತಿದ್ದಳು. ಬುಸ್ತಾಮಿ ಕೊಟ್ಟಿಗೆಯ ಹೊರಗಿನಿಂದಲೇ ನೋಡಿದ. ಮುಂಬಾಗಿಲ ಕಂಬದ ಹತ್ತಿರ ಒಬ್ಬ ಹೆಂಗಸು ಖಾಲಿ ಮಡಿಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಕುಳಿತಿದ್ದಳು. ನಿನ್ನೆ ಸಂಜೆಯೇ ಹೋಗಿದ್ದರೆ ಆ ಮಡಿಲಲ್ಲಿ ಏನಾದರೂ ಇರುತ್ತಿತ್ತೋ ಏನೋ. ಅವನು ಅಲ್ಲಿ ನಿಲ್ಲಲಾರದೆ ಹಿಂದೆ ಸರಿದ.

ಪೊಲೀಸರು ಬಂದರು, ಪೇಟೆಯಿಂದ ಪತ್ರಿಕೆಯವರೂ ಬಂದರು. ಬಂದವರನ್ನು ತಿರುಗಿ ನೀರಿಗೆ ತಳ್ಳುವುದು ಕ್ಯಾಮರಾಗಳ ಎದುರು ಆಗುವ ಮಾತಲ್ಲ. ಅವರನ್ನೆಲ್ಲ ಬಸ್ಸು ಹತ್ತಿಸಿ ಪೇಟೆಯ ಶಿಬಿರಕ್ಕೆ ಒಯ್ದರು. ಆಮೇಲೆ ಹೆಂದಾರ್ತೊ ದಡದಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳಿದ, "ಇದನ್ನ ಎಳ್ಕೊಂಡು ಬಂದೋರು ಯಾರು?"

"ಅಲೆ ತಂತು ಸಾಹೇಬ್ರೇ," ಎಂದಳು ಮೀನು ಮಾರುವವಳು.

"ಅಲೆ ತಂತು," ಎಂದರು ಕಾಫಿ ಅಂಗಡಿಯವನು, ಇಮಾಮರು, ಶಾಲೆಯ ಮೇಷ್ಟರು.

"ನಂಗೆ ಕಣ್ಣೇ ಕಾಣಲ್ಲ ಸಾಹೇಬ್ರೇ," ಎಂದ ಹಸ್ಬಲ್ಲಾ ಚಿಕ್ಕಪ್ಪ. "ನೀವು ಗಂಡಸೋ ಹೆಂಗಸೋ, ಅದೂ ಗೊತ್ತಾಗ್ತಿಲ್ಲ."

ಯಾರೋ ಹಿಂದೆ ಕಿಸಕ್ಕೆಂದರು. ಹೆಂದಾರ್ತೊ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬುಸ್ತಾಮಿಯ ಹತ್ತಿರ ಬಂದು, ಪಿಸುಮಾತಿನಲ್ಲಿ, "ನಿಮ್ಮೂರಿಗೆ ಒಂದು ತಲೆ ಇದೆ ಗುರಿಕಾರ್ರೇ. ಎಲ್ಲರ ಬಾಯಲ್ಲೂ ಒಂದೇ ಮಾತು ಬರಬೇಕಾದ್ರೆ ಹೇಳಿಕೊಟ್ಟೋನು ಒಬ್ಬ ಇರಲೇಬೇಕು. ಹುಡುಕ್ತೀನಿ. ಭಾನುವಾರ ಬರ್ತೀನಿ," ಎಂದು ಹೋದ.

ಆ ರಾತ್ರಿ ಬುಸ್ತಾಮಿಗೆ ಕಣ್ಣು ಮುಚ್ಚಲಾಗಲಿಲ್ಲ. ಭಾನುವಾರ ಬಂದು ಹೊಡೆದು ಬಡಿದು ಕೇಳಿದರೆ ಯಾರೋ ಒಬ್ಬ ಬಾಯಿ ಬಿಡುತ್ತಾನೆ, ಮಗ ಹೋಗುತ್ತಾನೆ. ಏನಾದರೂ ಮಾಡಬೇಕು. ಬೆಳಗಾಗುವಷ್ಟರಲ್ಲಿ ಅವನಿಗೊಂದು ದಾರಿ ಹೊಳೆದು, ಸಂತೋಷದಿಂದ ಎದ್ದು ಕುಳಿತ.

ಅವನ ಲೆಕ್ಕ ಹೀಗಿತ್ತು. ಕಡಲಿನ ತಪ್ಪನ್ನು ಗುರಿಕಾರ ವಿಚಾರಿಸಿ ದಂಡ ಹಾಕಿದರೆ ಅಲ್ಲಿಗೆ ಅದು ಮುಗಿಯಿತು. ಅದೇ ತಪ್ಪಿಗೆ ಇನ್ನೊಂದು ಸಲ ಯಾರೂ ಕೈ ಮಾಡುವಂತಿಲ್ಲ. ಠಾಣೆಗೆ ಹೋದ ಎಷ್ಟೋ ಜಗಳಗಳನ್ನು ಪೊಲೀಸರೇ "ಹೋಗ್ರಯ್ಯಾ, ನಿಮ್ಮ ಗುರಿಕಾರನ ಹತ್ರ ತೀರಿಸ್ಕೊಳ್ಳಿ" ಎಂದು ವಾಪಸು ಕಳಿಸಿದ್ದರು. ಹಾಗಾದರೆ ಶುಕ್ರವಾರ ಮಾತು ಮೀರಿ ಕಡಲಿಗೆ ಇಳಿದವರನ್ನು ತಾನೇ ಇವತ್ತು ವಿಚಾರಿಸಿ ದಂಡ ಹಾಕಿಬಿಟ್ಟರೆ? ಭಾನುವಾರ ಆ ಸಾಹೇಬ ಬಂದರೆ ಹೇಳಬಹುದು: ತಪ್ಪಾಗಿತ್ತು, ಶಿಕ್ಷೆಯೂ ಆಗಿದೆ. ಸಾಹೇಬನೇ ತಾನೇ ಪದ್ಧತಿ ಬಿಡಬೇಡಿ ಅಂದದ್ದು? ಪಾಪ, ತಲೆತಲಾಂತರದಿಂದ ಹೀಗೇ ನಡೆದು ಬಂದ ಊರಿನವನಿಗೆ ಇದಕ್ಕಿಂತ ಬೇರೆ ಬುದ್ಧಿ ಎಲ್ಲಿಂದ ಬರಬೇಕು?

"ಬೇಡ ಮಗಾ," ಎಂದ ಹಸ್ಬಲ್ಲಾ ಚಿಕ್ಕಪ್ಪ. "ಇಡೀ ಊರು ಬಾಯಿ ಹೊಲ್ಕೊಂಡು ಕೂತಿದೆ. ನೀನ್ಯಾಕೆ ಬಿಚ್ತೀಯಾ? ಸುಮ್ನಿರು."

"ನಾನು ಗುರಿಕಾರನೋ ಅಲ್ವೋ?"

ಆ ಮಾತಿಗೆ ಮುದುಕ ಎದುರಾಡಲಿಲ್ಲ. ಗುರಿಕಾರ ಕರೆದರೆ ಬರಲೇಬೇಕು, ಕೇಳಿದರೆ ನಿಜವನ್ನೇ ಹೇಳಬೇಕು. ಶನಿವಾರ ಬೆಳಿಗ್ಗೆ ದಡದ ಗುಡಿಸಿಲಿನಲ್ಲಿ ಊರೆಲ್ಲ ಸೇರಿತು. ತರ್ಮಿಜಿ ಮುಂದೆ ಬಂದು ನಿಂತ. ಅವನ ಹಿಂದೆ ಅವನ ಜೊತೆ ಹೋಗಿದ್ದವರು.

"ಶುಕ್ರವಾರ ದೋಣಿ ಬಿಚ್ಚಿದ್ದು ಹೌದಾ?" ಬುಸ್ತಾಮಿ ಕೇಳಿದ.

"ಹೌದು."

"ಯಾರ ಮಾತಿನ ಮೇಲೆ?"

"ಯಾರ ಮಾತೂ ಇಲ್ಲ. ಕೇಳಿದ್ವಿ, ಸಿಗಲಿಲ್ಲ," ಎಂದ ತರ್ಮಿಜಿ. ಅಪ್ಪನ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಏಳು ದಿನ ದೋಣಿ ಕಟ್ಟಿಡಬೇಕು. ಹಿಡಿದದ್ದು ಜಪ್ತಿ."

"ಹಿಡಿದದ್ದು ಮನುಷ್ಯರನ್ನ ಗುರಿಕಾರ್ರೇ," ಎಂದು ಹಸ್ಬಲ್ಲಾ ಚಿಕ್ಕಪ್ಪ ಹಿಂದಿನಿಂದ ಕೂಗಿದ. "ಜಪ್ತಿ ಮಾಡಿ ಎಲ್ಲಿಡ್ತೀರಾ? ನಿಮ್ಮನೇಲಾ? ಸಲ್ಬಿಯಾನ ಕೇಳಿದ್ರಾ?"

ಗುಡಿಸಿಲು ಗೊಳ್ಳೆಂದಿತು. ತರ್ಮಿಜಿಯ ತುಟಿಯೂ ಒಂದಿಷ್ಟು ಅಲುಗಿತು. ಬುಸ್ತಾಮಿಯೂ ನಕ್ಕ. ಎರಡು ದಿನದಿಂದ ಗಂಟಲಿಗೆ ಇಳಿಯದ ಅನ್ನ ಆವತ್ತು ಇಳಿಯಿತು. ನಕ್ಕವರ ನಡುವೆ ಯಾರ ಕೈಯಲ್ಲಿ ಫೋನು ಮೇಲೆದ್ದಿತ್ತು ಎಂದು ಅವನು ನೋಡಲಿಲ್ಲ.

ಭಾನುವಾರ ಜೀಪಿನ ಹಿಂದೆ ಎರಡು ವ್ಯಾನುಗಳೂ ಬಂದವು. ಹೆಂದಾರ್ತೊ ನೇರವಾಗಿ ಗುಡಿಸಿಲಿಗೆ ಬಂದು ಬುಸ್ತಾಮಿಯ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತ. ಬುಸ್ತಾಮಿ ಕಲಿತ ಪಾಠ ಒಪ್ಪಿಸುವ ಮಗುವಿನ ಹಾಗೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ತಪ್ಪಾಗಿದೆ, ವಿಚಾರಣೆಯಾಗಿದೆ, ದಂಡವೂ ಹಾಕಿದ್ದೇನೆ, ಮುಗಿದಿದೆ.

"ಗೊತ್ತು," ಎಂದ ಹೆಂದಾರ್ತೊ. ಫೋನು ತೆಗೆದು ಮುಂದೆ ಹಿಡಿದ. ಅದರೊಳಗೆ ತರ್ಮಿಜಿ ನಿಂತು ಹೌದು ಎನ್ನುತ್ತಿದ್ದ. "ಮೊನ್ನೆ ಸಂಜೆ ನನ್ನ ಕೈಲಿ ಒಬ್ಬ ಸಾಕ್ಷಿಯೂ ಇರಲಿಲ್ಲ ಗುರಿಕಾರ್ರೇ. ಎಲ್ಲಾ ಅಲೆ ತಂತು, ಅಲೆ ತಂತು. ಈಗ ನೋಡಿ, ಇಡೀ ಊರಿನ ಮುಂದೆ ತಪ್ಪೊಪ್ಪಿಗೆ. ನಾನು ಲಾಠಿ ಮುಟ್ಟಬೇಕಾಗಿಯೂ ಬರಲಿಲ್ಲ."

ಬುಸ್ತಾಮಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೂಗಿದ.

"ಶಿಕ್ಷೆ ಆಗಿದೆ ಸಾಹೇಬ್ರೇ! ಎರಡೆರಡು ಸಲ ಮಾಡೋ ಹಾಗಿಲ್ಲ!"

"ಯಾರು ಕೊಟ್ಟ ಶಿಕ್ಷೆ?" ಹೆಂದಾರ್ತೊನ ದನಿಯಲ್ಲಿ ಮೊದಲ ಬಾರಿಗೆ ಬಿಸಿ ಕಂಡಿತು. "ನೀವು ಯಾರ್ರೀ? ದೇಶದ ಗಡಿ ದಾಟಿಸಿದ ಅಪರಾಧಕ್ಕೆ ವಿಚಾರಣೆ ಮಾಡೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು? ನಿಮ್ಮದೇ ಕೋರ್ಟು, ನಿಮ್ಮದೇ ಕಾನೂನು, ಕಡಲಿಗೆ ನಿಮ್ಮದೇ ಬೀಗ! ಜನರನ್ನ ಎಳ್ಕೊಂಡು ಬಂದದ್ದನ್ನಾದ್ರೂ ಕ್ಷಮಿಸಬಹುದು. ಇದನ್ನ ಹೇಗ್ರೀ ಕ್ಷಮಿಸೋದು? ಶುಕ್ರವಾರ ಮೀನು ಹಿಡಿಯಲ್ಲ ಅನ್ನೋದು ಪದ್ಧತಿ. ಸರಕಾರ ಬೇಡ ಅಂದಿದ್ದನ್ನ ನಾವು ವಿಚಾರಿಸ್ಕೋತೀವಿ ಅನ್ನೋದು ಬಂಡಾಯ."

ಅಯ್ಯೋ ದೇವರೇ, ಮಗನನ್ನು ಉಳಿಸಲು ಹೋಗಿ ತನ್ನ ಕೈಯಾರೆ ಹಿಡಿದು ಕೊಟ್ಟೆನಲ್ಲ! ಊರಿನ ಪ್ರತಿಯೊಂದು ಬಾಯಿಯೂ ಮುಚ್ಚಿತ್ತು, ತೆರೆದದ್ದು ತನ್ನದೊಂದೇ. ಹೊರಗೆ ಸಲ್ಬಿಯಾ ಕಿರುಚಿದಳು. ತರ್ಮಿಜಿಯನ್ನೂ ಜೊತೆಯ ಹುಡುಗರನ್ನೂ ಕೈ ಹಿಂದೆ ಕಟ್ಟಿ ವ್ಯಾನಿನ ಕಡೆ ನಡೆಸುತ್ತಿದ್ದರು; ಮುದುಕನೆಂದು ಹಸ್ಬಲ್ಲಾ ಚಿಕ್ಕಪ್ಪನನ್ನು ಮಾತ್ರ ಬಿಟ್ಟಿದ್ದರು.

"ಇವರು ಕೈಕಾಲುಗಳು," ಹೆಂದಾರ್ತೊ ಎದ್ದು ಅಂಗಿಯ ಮರಳು ಕೊಡವಿಕೊಂಡ. "ಮೀನು ಹಿಡಿಯೋರಿಗೆ ಇಂಥಾ ಧೈರ್ಯ ತಾನಾಗೇ ಬರಲ್ಲ. ತಲೆ ಯಾರು ಅಂತ ಈ ಹುಡುಗನ ಬಾಯಿ ಬಿಡಿಸ್ತೀನಿ. ಹೊರಗಿನ ದುಡ್ಡು ಎಲ್ಲಿಂದ ಬಂತು, ಹೇಳಿದೋನು ಯಾರು, ಎಲ್ಲಾ ಹೇಳ್ತಾನೆ. ನಾಕು ದಿನ ಸಾಕು."

ಆ ನಾಕು ದಿನದಲ್ಲಿ ಏನಾಗುತ್ತದೆ ಎಂದು ಬುಸ್ತಾಮಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಲೆಯೇ ಇಲ್ಲದಿದ್ದಾಗ ಹುಡುಗ ಯಾರ ಹೆಸರು ಹೇಳಿಯಾನು? ಹೇಳುವ ತನಕ ಬಿಡುವವರಲ್ಲ ಇವರು. ಹೋದದ್ದು ನೀರಿನ ಮೇಲೆ ಜೀವ ಇತ್ತೆಂದು ಅಷ್ಟೇ ಎಂದರೆ ಇವನು ನಂಬುವುದಿಲ್ಲ. ಯಾರೂ ಹೇಳದೆ ಒಂದು ಊರು ಒಳ್ಳೆಯ ಕೆಲಸ ಮಾಡೀತು ಎನ್ನುವುದು ಇವನ ತಲೆಯೊಳಗೆ ಹೋಗುವ ಮಾತೇ ಅಲ್ಲ. ಇವನಿಗೆ ಒಂದು ತಲೆ ಬೇಕು.

"ನಾನು ಹೇಳಿದ್ದು," ಎಂದ ಬುಸ್ತಾಮಿ.

ದನಿ ಎಷ್ಟು ಸಣ್ಣಗಿತ್ತೆಂದರೆ ಹೆಂದಾರ್ತೊ "ಏನು?" ಎಂದ.

"ಹೋಗಿ ಅಂತ ನಾನೇ ಹೇಳಿದ್ದು. ಗುರಿಕಾರ ನಾನು. ಕಡಲು ತೆರೆಯಿತು ಅಂತ ಹೇಳಿದೆ, ಹೋದ್ರು. ಅವರದ್ದೇನೂ ಇಲ್ಲ."

ಹೆಂದಾರ್ತೊ ಅವನನ್ನು ಓರೆಗಣ್ಣಿನಿಂದ ನೋಡಿದ. "ಮತ್ತೆ ನಿನ್ನೆ ಆ ವಿಚಾರಣೆ?"

ಬುಸ್ತಾಮಿ ಲುಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ನಿಮ್ಮ ಕಣ್ಣಿಗೆ ಮಣ್ಣೆರಚೋಕೆ," ಎಂದ. "ನಾಟಕ. ಹೀಗೀಗೆ ಹೇಳಿ ಅಂತ ಹುಡುಗರಿಗೆ ನಾನೇ ಕಲಿಸಿಕೊಟ್ಟಿದ್ದೆ."

ಹೆಂದಾರ್ತೊನ ಮುಖ ಅರಳಿತು. ಅವನು ಬಂದದ್ದೇ ಈ ಕತೆ ಕೇಳುವುದಕ್ಕೆ. ಕುತಂತ್ರಿಯಾದ ಗುರಿಕಾರ, ಬಂಡಾಯಗಾರ ಜಕಾರಿಯಾನ ಮಗ. ರಾಜಧಾನಿಯಲ್ಲಿ ಹೇಳಲು ಇದಕ್ಕಿಂತ ಸೊಗಸಾದ ಕತೆ ಇನ್ನೇನು ಬೇಕು? ಆದರೂ ಅನುಮಾನ ಹೋಗಲಿಲ್ಲ. ಗುಡಿಸಿಲಿನಿಂದ ಹೊರಗೆ ಬಂದು ತರ್ಮಿಜಿಯ ಗದ್ದ ಹಿಡಿದು ಎತ್ತಿದ.

"ನೀನು ಹೇಳೋ. ನಿಮ್ಮಪ್ಪ ಹೋಗು ಅಂದ್ನಾ?"

ತರ್ಮಿಜಿ ಅಪ್ಪನನ್ನು ನೋಡಿದ. ಶುಕ್ರವಾರದಿಂದ ಅವನು ಅಪ್ಪನ ಮುಖ ನೇರವಾಗಿ ನೋಡಿದ್ದು ಅದೇ ಮೊದಲು. ಬುಸ್ತಾಮಿಗೆ ಬದುಕಿನಲ್ಲಿ ಎಷ್ಟೋ ಭಯಗಳಿದ್ದವು, ಆದರೆ ಆ ಗಳಿಗೆಯ ಭಯದಂಥದ್ದು ಇರಲಿಲ್ಲ. ಹುಡುಗ ನಿಜ ಹೇಳಿಬಿಟ್ಟರೆ? ಬೇಡವೆಂದು ಕಿರುಚಿದ ಅಪ್ಪನನ್ನು ಊರೆಲ್ಲ ನೋಡಿದೆ. ಇಲ್ಲ ಎಂದರೆ ಅದು ಸುಳ್ಳಲ್ಲ. ಈ ಹುಡುಗನಿಗೆ ತಾತನ ಗುಂಡಿಗೆ ಬೇರೆ. ಹೂಂ ಅನ್ನು ಮಗನೇ, ಹೂಂ ಅನ್ನು ಎಂದು ಬುಸ್ತಾಮಿ ತುಟಿ ಅಲುಗಿಸದೆ ಬೇಡಿಕೊಂಡ.

"ಗುರಿಕಾರ್ರು ಹೇಳದೆ ನಾವು ಶುಕ್ರವಾರ ಹಗ್ಗ ಬಿಚ್ತೀವಾ ಸಾಹೇಬ್ರೇ?" ಎಂದು ಹಸ್ಬಲ್ಲಾ ಚಿಕ್ಕಪ್ಪ ಗುಂಪಿನೊಳಗಿಂದ ಹೇಳಿದ. ಈ ಸಲ ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ.

"ನಾನು ಇವನನ್ನ ಕೇಳಿದ್ದು," ಎಂದ ಹೆಂದಾರ್ತೊ.

"ಹೌದು," ಎಂದ ತರ್ಮಿಜಿ. ಆಮೇಲೆ ಸೇರಿಸಿದ. "ನಂಗೆ ಹೆದರಿಕೆ ಆಗಿತ್ತು. ಹೋಗಲ್ಲ ಅಂದೆ. ಅಪ್ಪನೇ ಬೈದು ಕಳ್ಸಿದ್ದು."

ಹೆಂದಾರ್ತೊ ಹುಡುಗನ ಗದ್ದ ಬಿಟ್ಟು ಸಿಪಾಯಿಗಳಿಗೆ ಕೈಸನ್ನೆ ಮಾಡಿದ. ತರ್ಮಿಜಿಯ ಕಟ್ಟು ಬಿಚ್ಚಿ ಅದೇ ಹಗ್ಗದಿಂದ ಬುಸ್ತಾಮಿಯ ಕೈ ಕಟ್ಟಿದರು. ಉಳಿದ ಹುಡುಗರನ್ನೂ ಬಿಟ್ಟರು; ಬೇಕಾದಾಗ ಕರೆಸುತ್ತೇನೆ, ಊರು ಬಿಟ್ಟು ಹೋಗಬೇಡಿ ಎಂದ ಹೆಂದಾರ್ತೊ. ಸಲ್ಬಿಯಾ ಓಡಿ ಬಂದು ಗಂಡನ ಹೆಗಲ ಮೇಲೆ ಅಂಗಿ ಹೊದಿಸಿದಳು. ಬುಸ್ತಾಮಿಗೆ ವ್ಯಾನಿನ ಮೆಟ್ಟಿಲ ಮೇಲೆ ಕಾಲು ಎತ್ತಿಡಲಾಗದಷ್ಟು ನಡುಕ. ಎರಡು ಸಲ ಜಾರಿದ. ಸಿಪಾಯಿಯೊಬ್ಬ ಮುದುಕಾ ಎಂದು ಗದರಿದ. ಆಗ ತರ್ಮಿಜಿ ಯಾರನ್ನೂ ಕೇಳದೆ ಮುಂದೆ ಬಂದು, ಅಪ್ಪನ ಸೊಂಟವನ್ನು ತಬ್ಬಿ ಹಿಡಿದು, ವ್ಯಾನಿನೊಳಗೆ ಎತ್ತಿ ಕೂರಿಸಿದ.